ಶಾಲಾ ಪೌಷ್ಟಿಕ ಶಿಕ್ಷಣದ ಮೇಲ್ವಿಚಾರಣೆ ಮತ್ತು ಅರ್ಹತೆಯ ಪ್ರಶ್ನೆ: ಶಿಡ್ಲಘಟ್ಟ ಸೀಮೆಯನ್ನು ಅನುಲಕ್ಷಿಸಿ ಒಂದು ಚಾರಿತ್ರಿಕ ಅವಲೋಕನ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಮತ್ತು ಅದರ ಆಸುಪಾಸಿನ ಗ್ರಾಮಗಳು ಹಿಪ್ಪುನೇರಳೆ ಬೆಳೆಗೂ ರೇಷ್ಮೆಹುಳು ಸಾಕಣೆಗೂ ಹೆಸರಾದ ಸೀಮೆಗೆ ಸೇರಿದವು. ಇಲ್ಲಿನ ರೈತ ಹುಳುವಿಗೆ ಮೇವು ಹಾಕುವಾಗ ತೋರುವ ಎಚ್ಚರ ಗಮನಾರ್ಹವಾದುದು. ಚಾಕಿ ಹುಳುವಿಗೆ ಎಳೆಯ ಎಲೆಯನ್ನು ಸಣ್ಣಗೆ ಕತ್ತರಿಸಿ ಕೊಡಬೇಕು. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗೆ ಬಲಿತ ಎಲೆಯೇ ಆಗಬೇಕು. ಜ್ವರಕ್ಕೆ ಕುಳಿತಾಗ ಮೇವು ನಿಲ್ಲಿಸಬೇಕು. ಈ ತಿಳಿವಳಿಕೆ ಮನೆತನದಿಂದ ಬಂದುದಾದರೂ ಅದನ್ನು ತಿದ್ದಲು, ಬೆಳೆಸಲು ಸರ್ಕಾರವು ರೇಷ್ಮೆ ಪ್ರದರ್ಶಕರಿಂದ ಹಿಡಿದು ವಿಸ್ತರಣಾಧಿಕಾರಿಯವರೆಗೆ ತರಬೇತಿ ಪಡೆದ ಸಿಬ್ಬಂದಿಯನ್ನು ನೇಮಿಸಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 1995ರಲ್ಲಿ ನೆರೆಯ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವನ್ನೇ ತೆರೆಯಿತು. ಹುಳುವಿನ ಆಹಾರದ ಬಗ್ಗೆ ರೈತನಿಗೆ ಸಲಹೆ ಕೊಡುವವರು ಏನನ್ನು ಓದಿರಬೇಕೆಂಬುದು ಈ ಸೀಮೆಯಲ್ಲಿ ಇತ್ಯರ್ಥವಾದ ವಿಷಯ. ಅದೇ ರೈತನ ಮಗು ಹಗಲಿನಲ್ಲಿ ಊಟ ಮಾಡುವುದು ಸರ್ಕಾರಿ ಶಾಲೆಯಲ್ಲಿ. ಆ ಊಟವನ್ನೂ, ಊಟದ ಮೂಲಕ ಮಗುವಿಗೆ ದೊರೆಯಬೇಕಾದ ಆಹಾರಜ್ಞಾನವನ್ನೂ ಮೇಲ್ವಿಚಾರಣೆ ಮಾಡುವವರು ಏನನ್ನು ಓದಿರಬೇಕು ಎಂಬುದು ಮಾತ್ರ ಇಂದಿಗೂ ಇತ್ಯರ್ಥವಾಗದೆ ಉಳಿದಿದೆ. ಹೀಗೇಕಾಯಿತು ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಆಹಾರ ವಿತರಣೆ ಬೇರೆ, ಪೌಷ್ಟಿಕ ಶಿಕ್ಷಣ ಬೇರೆ. ಮೊದಲನೆಯದು ಅಕ್ಕಿ, ಬೇಳೆ, ಎಣ್ಣೆ, ಸೌದೆ ಅಥವಾ ಅನಿಲ, ಹಾಜರಾತಿ ಮತ್ತು ಲೆಕ್ಕಪತ್ರಗಳಿಗೆ ಸಂಬಂಧಿಸಿದ್ದು. ಎರಡನೆಯದು ಮಗು ತಾನು ಏನನ್ನು, ಏಕೆ ತಿನ್ನುತ್ತಿದ್ದೇನೆಂದು ಅರಿಯುವುದಕ್ಕೆ ಸಂಬಂಧಿಸಿದ್ದು. ನಮ್ಮ ಆಡಳಿತ ವ್ಯವಸ್ಥೆ ಇವೆರಡನ್ನೂ ಒಂದೇ ಕೈಗೆ ಒಪ್ಪಿಸಿತು; ಆ ಕೈಯಿಂದ ಮೊದಲನೆಯದಕ್ಕೆ ಬೇಕಾದ ಅರ್ಹತೆಯನ್ನಷ್ಟೇ ಕೇಳಿತು. ಇದು ಈ ಲೇಖನದ ಮುಖ್ಯ ಪ್ರತಿಪಾದನೆ.

ದಕ್ಷಿಣ ಭಾರತದಲ್ಲಿ ಪೋಷಣ ವಿಜ್ಞಾನದ ವ್ಯವಸ್ಥಿತ ಅಧ್ಯಯನ ಆರಂಭವಾದದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿ ಬೆರಿಬೆರಿ ರೋಗದ ವಿಚಾರಣೆಯನ್ನು ಕೈಗೊಂಡನು. ಭಾರತದ ಬೇರೆಬೇರೆ ಪ್ರಾಂತಗಳ ಆಹಾರಕ್ರಮವನ್ನು ಇಲಿಗಳಿಗೆ ತಿನ್ನಿಸಿ, ಪಾಲಿಶ್ ಮಾಡಿದ ಅಕ್ಕಿಯನ್ನು ಹೆಚ್ಚಾಗಿ ಅವಲಂಬಿಸಿದ ಊಟದಿಂದ ಬೆಳವಣಿಗೆ ಕುಗ್ಗುವುದನ್ನು ಅವನು ತೋರಿಸಿದ್ದು ಪ್ರಸಿದ್ಧವೇ ಆಗಿದೆ. ಅವನ ಅನಂತರ ಬಂದ ಡಬ್ಲ್ಯು. ಆರ್. ಐಕ್ರಾಯ್ಡ್ ಭಾರತೀಯ ಆಹಾರಪದಾರ್ಥಗಳ ಪೋಷಕಾಂಶಗಳ ಕೋಷ್ಟಕವನ್ನು 1937ರಲ್ಲಿ ಹೊರತಂದನು. ಈ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯೆನಿಸಿತು. ಹೀಗೆ ಜ್ಞಾನದ ಒಂದು ಧಾರೆ ವೈದ್ಯರ ಮತ್ತು ರಸಾಯನಶಾಸ್ತ್ರಜ್ಞರ ವಶದಲ್ಲಿ ಬೆಳೆಯಿತು. ಶಾಲೆಗೆ ಅದು ಇಳಿದು ಬಂದದ್ದು ವಿರಳ.

ಎರಡನೆಯ ಧಾರೆ ಮಹಿಳಾ ಶಿಕ್ಷಣದ ಚಳವಳಿಯಿಂದ ಹೊರಟದ್ದು. 1927ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನವು ಸ್ತ್ರೀಶಿಕ್ಷಣದ ಸುಧಾರಣೆಯನ್ನೇ ಮುಖ್ಯ ವಿಷಯವಾಗಿಸಿಕೊಂಡಿತ್ತು. ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಆ ಸಂಘಟನೆಯ ಆರಂಭದ ದಿನಗಳಲ್ಲಿ ಹೊತ್ತ ಹೊಣೆ ಕನ್ನಡಿಗರಿಗೆ ಪರಿಚಿತವಾದುದೇ. ಈ ಸಮ್ಮೇಳನದ ಪ್ರಯತ್ನದ ಫಲವಾಗಿ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಸ್ಥಾಪನೆಯಾಗಿ ಗೃಹವಿಜ್ಞಾನವು ಒಂದು ವಿದ್ಯಾಶಾಖೆಯಾಯಿತು. ಆಹಾರ, ಪೋಷಣೆ, ಶಿಶುಪಾಲನೆ ಮತ್ತು ಬೋಧನಾ ವಿಧಾನ ಇವು ನಾಲ್ಕೂ ಒಂದೇ ಪಠ್ಯಕ್ರಮದಲ್ಲಿ ಕೂಡಿಬಂದದ್ದು ಇಲ್ಲಿಯೇ. ಶಾಲೆಗೆ ಬೇಕಾಗಿದ್ದ ಸಂಯೋಗ ಇದೇ ಆಗಿತ್ತು. ಆದರೆ ಹೆಣ್ಣುಮಕ್ಕಳನ್ನು ಗೃಹಿಣಿಯರನ್ನಾಗಿಸುವ ವಿದ್ಯೆಯೆಂಬ ಹಣೆಪಟ್ಟಿ ಅದಕ್ಕೆ ಬಹುಬೇಗ ಅಂಟಿಕೊಂಡಿತು. ಸರ್ಕಾರಿ ಹುದ್ದೆಯೊಂದಕ್ಕೆ ಗೃಹವಿಜ್ಞಾನವನ್ನು ವಿಶೇಷ ಅರ್ಹತೆಯೆಂದು ವಿಧಿಸಲು ಆಡಳಿತಗಾರರು ಹಿಂದೆಗೆದುದಕ್ಕೆ ಈ ಭಾವನೆಯೂ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ.

ಸ್ವಾತಂತ್ರ್ಯದ ಹೊತ್ತಿಗೆ ಶಾಲಾಮಕ್ಕಳ ಊಟದ ವಿಚಾರ ಹೊಸದೇನೂ ಆಗಿರಲಿಲ್ಲ. ಮದರಾಸು ನಗರಪಾಲಿಕೆ 1920ರ ದಶಕದಲ್ಲಿಯೇ ತನ್ನ ಶಾಲೆಗಳಲ್ಲಿ ಊಟ ಕೊಟ್ಟಿತ್ತು. 1946ರ ಭೋರ್ ಸಮಿತಿಯ ವರದಿ ಶಾಲಾ ಆರೋಗ್ಯ ಸೇವೆಯ ಅಂಗವಾಗಿ ಇದನ್ನು ಎತ್ತಿಹಿಡಿಯಿತು. 1961ರಲ್ಲಿ ವರದಿ ಸಲ್ಲಿಸಿದ ರೇಣುಕಾ ರಾಯ್ ಅಧ್ಯಕ್ಷತೆಯ ಶಾಲಾ ಆರೋಗ್ಯ ಸಮಿತಿ ಮತ್ತೆ ಅದೇ ವಿಷಯಕ್ಕೆ ಮರಳಿತು. ಮೈಸೂರಿನಲ್ಲಿ 1950ರಲ್ಲಿ ಆರಂಭಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿತು. ಅಗ್ಗದ ದೇಶೀಯ ಪದಾರ್ಥಗಳಿಂದ ಮಕ್ಕಳ ಪ್ರೋಟೀನ್ ಕೊರತೆಯನ್ನು ನೀಗಬಹುದೆಂದು ಮೈಸೂರಿನ ವಿಜ್ಞಾನಿಗಳು ತೋರಿಸಿಕೊಟ್ಟ ದಶಕದ ನಂತರವೂ ನಮ್ಮ ಶಾಲೆಗಳಿಗೆ ಬಂದದ್ದು ಮಾತ್ರ ಅಮೆರಿಕದ ಗೋಧಿ ರವೆ, ಜೋಳದ ಹಿಟ್ಟು ಮತ್ತು ಹಾಲಿನ ಪುಡಿ.

ಕೇರ್ ಸಂಸ್ಥೆಯ ನೆರವಿನ ಈ ಉಪ್ಪಿಟ್ಟಿನ ಕಾಲವನ್ನು ಕೋಲಾರ ಸೀಮೆಯ ಹಿರಿಯ ತಲೆಮಾರು ಈಗಲೂ ನೆನೆಯುತ್ತದೆ. ಚಿಕ್ಕಬಳ್ಳಾಪುರವು 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದುದರಿಂದ ಶಿಡ್ಲಘಟ್ಟದ ನೆನಪೂ ಅದರಲ್ಲಿ ಸೇರಿದೆ. ಮನೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು, ಬೆರಕೆ ಸೊಪ್ಪು ಉಣ್ಣುತ್ತಿದ್ದ ಹುಡುಗನಿಗೆ ಶಾಲೆಯಲ್ಲಿ ದೊರೆತದ್ದು ಕಂಡರಿಯದ ಧಾನ್ಯ. ಹಸಿದ ಹೊಟ್ಟೆಗೆ ಅದು ಆಧಾರವಾಯಿತೆಂಬುದು ನಿಜ. ಅದನ್ನು ಲಘುವಾಗಿ ಕಾಣುವುದು ಸಲ್ಲದು. ಆದರೆ ಅದರ ಜೊತೆಗೆ ಹೇಳದೆಯೇ ಹೇಳಿದ ಪಾಠವೊಂದಿತ್ತು: ಪುಷ್ಟಿಯೆಂಬುದು ಚೀಲದಲ್ಲಿ ಹೊರಗಿನಿಂದ ಬರುವ ವಸ್ತು. ಇದಕ್ಕೆ ಮೇಲ್ವಿಚಾರಕರಾಗಿದ್ದವರು ಮುಖ್ಯೋಪಾಧ್ಯಾಯರು. ಅವರಿಂದ ನಿರೀಕ್ಷಿಸಿದ್ದು ಚೀಲಗಳ ಲೆಕ್ಕವನ್ನು. ಈ ಪಾಠವನ್ನು ತಿದ್ದಬಲ್ಲ ತರಬೇತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಇದೇ ಅವಧಿಯಲ್ಲಿ ಬೇರೊಂದು ಸಾಧ್ಯತೆಯೂ ತೆರೆದಿತ್ತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗ್ರಾಮಸೇವಿಕೆ ಮತ್ತು ಮುಖ್ಯಸೇವಿಕೆಯರಿದ್ದರು. ಅವರ ತರಬೇತಿಯಲ್ಲಿ ಗೃಹವಿಜ್ಞಾನಕ್ಕೆ ಸ್ಥಾನವಿತ್ತು. ಯುನಿಸೆಫ್ ನೆರವಿನಿಂದ 1959ರಲ್ಲಿ ಒರಿಸ್ಸಾದಲ್ಲಿ ಮೊದಲಾಗಿ 1960ರ ದಶಕದಲ್ಲಿ ದೇಶದ ಇತರೆಡೆಗೂ ಹಬ್ಬಿದ ಆನ್ವಯಿಕ ಪೌಷ್ಟಿಕತಾ ಕಾರ್ಯಕ್ರಮದಲ್ಲಿ ಶಾಲಾ ಕೈತೋಟ, ಕೋಳಿ ಸಾಕಣೆ, ಶಿಕ್ಷಕರ ತರಬೇತಿ ಎಲ್ಲವೂ ಅಡಕವಾಗಿದ್ದವು. ಊರಿನಲ್ಲಿ ಬೆಳೆದುದನ್ನು ಊರಿನ ಮಗು ತಿನ್ನಬೇಕು, ತಿನ್ನುತ್ತಲೇ ಕಲಿಯಬೇಕು ಎಂಬುದು ಅದರ ಆಶಯ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆಯನ್ನು ಕಲ್ಪಿಸುವುದು ಕಷ್ಟ. ಆದರೆ ಬ್ಲಾಕ್ ಮಟ್ಟದಲ್ಲಿ ಅದು ಅಭಿವೃದ್ಧಿ ಅಧಿಕಾರಿಯ ಹತ್ತಾರು ಕೆಲಸಗಳಲ್ಲಿ ಹನ್ನೊಂದನೆಯದಾಯಿತು. ಬೀಜ, ಬೇಲಿ, ಕೋಳಿಮರಿಗಳು ಸರಬರಾಜಾದವು. ಶಿಕ್ಷಣದ ಭಾಗ ದುರ್ಬಲವಾಗಿಯೇ ಉಳಿಯಿತು. 1970ರ ದಶಕದ ಮಧ್ಯಭಾಗದಲ್ಲಿ ಎನ್‌ಸಿಇಆರ್‌ಟಿಯು ಯುನಿಸೆಫ್ ನೆರವಿನಿಂದ ಪ್ರಾಥಮಿಕ ಶಾಲೆಗಳಿಗಾಗಿ ಪೌಷ್ಟಿಕತೆ, ಆರೋಗ್ಯ ಮತ್ತು ಪರಿಸರ ನೈರ್ಮಲ್ಯ ಶಿಕ್ಷಣದ ಪ್ರಾಯೋಗಿಕ ಯೋಜನೆಯನ್ನು ನಡೆಸಿತು. ಅದರ ಫಲವಾಗಿ ಒಳ್ಳೆಯ ಪಾಠಸಾಮಗ್ರಿಗಳು ಬಂದವು. ಪಾಠ ಬಂದಿತೇ ಹೊರತು ಪಾಠವನ್ನು ಊಟಕ್ಕೆ ಜೋಡಿಸುವ ಹುದ್ದೆ ಬರಲಿಲ್ಲ.

ಅರ್ಹತೆಯ ಪ್ರಶ್ನೆ ಒಂದು ಕಡೆ ಮಾತ್ರ ಉತ್ತರ ಕಂಡುಕೊಂಡಿತು, ಅದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಕಾಲೂರಿತು. ಯೋಜನಾಧಿಕಾರಿಯ ಹುದ್ದೆಗೆ ಶಿಶುವಿಕಾಸ, ಸಮಾಜಕಾರ್ಯ, ಗೃಹವಿಜ್ಞಾನ, ಪೋಷಣೆ ಮುಂತಾದ ವಿಷಯಗಳ ಪದವಿಯನ್ನು ಯೋಜನೆಯೇ ಸೂಚಿಸಿತು. ಇದಕ್ಕೂ ಒಂದು ವರ್ಷ ಮುಂಚೆ, 1974ರಲ್ಲಿ, ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಆರಂಭವಾಗಿತ್ತು. ಪದವೀಧರರು ಸಿದ್ಧರಾಗುವ ಹೊತ್ತಿಗೆ ಹುದ್ದೆಯೂ ಸಿದ್ಧವಾಗಿದ್ದುದು ಸುಯೋಗ. ಆದರೆ ಇದರಿಂದ ಒಂದು ವಿಚಿತ್ರವಾದ ಗಡಿ ಮೂಡಿತು. ಆರು ವರ್ಷ ತುಂಬುವವರೆಗೆ ಮಗುವಿನ ಊಟವನ್ನು ಪೋಷಣೆಯ ಕಣ್ಣಿನಿಂದ ನೋಡುವ ಇಲಾಖೆಯೊಂದಿರುತ್ತದೆ. ಒಂದನೆಯ ತರಗತಿಗೆ ಕಾಲಿಟ್ಟ ದಿನ ಅದೇ ಮಗು ಬೇರೆ ಇಲಾಖೆಯ ಹಾಜರಿ ಪುಸ್ತಕಕ್ಕೆ ಸೇರುತ್ತದೆ, ಊಟ ಅಂಕಿಯಾಗುತ್ತದೆ. ಎಷ್ಟೋ ಊರುಗಳಲ್ಲಿ ಅಂಗನವಾಡಿ ಮತ್ತು ಶಾಲೆ ಒಂದೇ ಆವರಣದಲ್ಲಿವೆ ಎಂಬುದನ್ನು ನೆನೆದರೆ ಈ ಗಡಿಯ ಕೃತಕತೆ ಅರಿವಾಗುತ್ತದೆ.

ಇನ್ನು ಅಕ್ಷರ ದಾಸೋಹಕ್ಕೆ ಬರಬಹುದು. ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ಪ್ರಾಥಮಿಕ ಶಿಕ್ಷಣಕ್ಕೆ ಪೌಷ್ಟಿಕ ನೆರವಿನ ರಾಷ್ಟ್ರೀಯ ಕಾರ್ಯಕ್ರಮವನ್ನು ಜಾರಿಗೆ ತಂದಾಗ ಬಹುತೇಕ ರಾಜ್ಯಗಳು ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋಗ್ರಾಂ ಧಾನ್ಯವನ್ನು ಮನೆಗೆ ಕೊಟ್ಟು ಸುಮ್ಮನಾದವು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ 200 ದಿನವಾದರೂ ಕೊಡಬೇಕೆಂದು ಆದೇಶಿಸಿತು. ಕರ್ನಾಟಕವು 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಮೇಲೂರಿನಂಥ ಊರುಗಳ ಶಾಲೆಗಳಲ್ಲಿ ಒಲೆ ಹೊತ್ತಿದ್ದು ಆಗಲೇ. 2004ರಲ್ಲಿ ಆರು ಮತ್ತು ಏಳನೆಯ ತರಗತಿಗಳು, 2007ರಲ್ಲಿ ಪ್ರೌಢಶಾಲೆಗಳು ಇದರ ವ್ಯಾಪ್ತಿಗೆ ಬಂದವು.

ಯೋಜನೆಗೆ ಇಟ್ಟ ಹೆಸರು ಅರ್ಥಪೂರ್ಣವಾದುದು. ದಾಸೋಹವೆಂಬುದು ಶರಣರ ಪರಿಭಾಷೆ; ಕೊಡುವವನು ತಾನು ದಾಸನೆಂಬ ವಿನಯದಿಂದ ಕೊಡುವುದು ಅದರ ತಿರುಳು. ಸಿದ್ಧಗಂಗೆಯಂಥ ಮಠಗಳು ಅನ್ನ ಮತ್ತು ಅಕ್ಷರಗಳನ್ನು ಒಟ್ಟಿಗೆ ಉಣಬಡಿಸಿದ ಪರಂಪರೆ ಕನ್ನಡ ನಾಡಿನ ಹೆಮ್ಮೆ. ಆದರೆ ದಾಸೋಹಕ್ಕೆ ಬೇಕಾದದ್ದು ಭಕ್ತಿ ಮತ್ತು ಶುಚಿತ್ವ, ತಜ್ಞತೆಯಲ್ಲ, ಎಂಬ ಭಾವನೆಯೂ ಹೆಸರಿನೊಂದಿಗೆ ಅರಿವಿಲ್ಲದೆ ಒಳಗೆ ಬಂದಿರಬಹುದೇ ಎಂಬ ಸಂಶಯವನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಮೇಲೂರಿನ ಕಡೆಯಿಂದ ಮೇಲಕ್ಕೆ ಈ ಮೇಲ್ವಿಚಾರಣೆಯ ಸರಪಳಿಯನ್ನು ಹಿಡಿದು ಹೋಗೋಣ. ಶಾಲೆಯಲ್ಲಿ ಮುಖ್ಯ ಅಡುಗೆಯವರು ಮತ್ತು ಸಹಾಯಕ ಅಡುಗೆಯವರಿದ್ದಾರೆ; ಬಹುಪಾಲು ಊರಿನ ಬಡ ಕುಟುಂಬಗಳ ಮಹಿಳೆಯರು. ಕೇಂದ್ರದ ಮಾರ್ಗಸೂಚಿಯಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಅನಂತರ ಪ್ರತಿ ನೂರಕ್ಕೆ ಇನ್ನೊಬ್ಬರು. ಅವರ ಮೇಲೆ ಮುಖ್ಯೋಪಾಧ್ಯಾಯರು. ಜೊತೆಗೆ 2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ತಾಲ್ಲೂಕು ಮಟ್ಟದಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು, ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣಾಧಿಕಾರಿಗಳು. ಈ ಎರಡು ಹುದ್ದೆಗಳೂ ಶಿಕ್ಷಣ ಇಲಾಖೆಯ ವೃಂದದವು. ಅಲ್ಲಿಗೆ ಬರುವವರು ಪದವಿ, ಬೋಧನಾ ತರಬೇತಿ, ಆಡಳಿತದ ಅನುಭವ ಉಳ್ಳವರು. ಇಂದು ಬಿಸಿಯೂಟ ನೋಡಿಕೊಳ್ಳುವವರು ನಾಳೆ ಕ್ಷೇತ್ರ ಶಿಕ್ಷಣಾಧಿಕಾರಿಯಾಗಿ ವರ್ಗವಾಗಬಹುದು. ಹುದ್ದೆಗೆ ವೃಂದ ಗೊತ್ತು, ವಿಷಯ ಗೊತ್ತಿಲ್ಲ.

ಇದನ್ನು ಶಿಕ್ಷಕರ ಮೇಲಿನ ಆಕ್ಷೇಪವೆಂದು ಭಾವಿಸಬಾರದು. ಅವರಿಗೆ ಒಪ್ಪಿಸಿದ್ದನ್ನು ಅವರು ಮಾಡಿದ್ದಾರೆ. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ಪ್ರಾಥಮಿಕಕ್ಕೆ 150, 30, 75. ಇದಕ್ಕೆ ಹಾಜರಾತಿಯನ್ನು ಗುಣಿಸಿ, ದಾಸ್ತಾನನ್ನು ಕಳೆದು, ವೆಚ್ಚವನ್ನು ಹೊಂದಿಸಿ ಪ್ರತಿದಿನ ಬರೆದಿಡುವ ಕೆಲಸ ಸಣ್ಣದಲ್ಲ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲಿನ ಪುಡಿ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ಮುಂದೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಒಂದೊಂದಾಗಿ ಆ ಪುಸ್ತಕಕ್ಕೆ ಸೇರಿದವು. ಅದೇ ವರ್ಷದ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತರು. ಆ ದುರಂತದ ನಂತರ ದೇಶದಾದ್ಯಂತ ಮೇಲ್ವಿಚಾರಣೆಯೆಂದರೆ ಸುರಕ್ಷತೆ ಎಂದಾಯಿತು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬುದಕ್ಕೆ ಒತ್ತು ಬಂದಿತು. 2015ರ ಮಧ್ಯಾಹ್ನದ ಊಟದ ನಿಯಮಗಳು ಪ್ರಯೋಗಾಲಯ ಪರೀಕ್ಷೆಯನ್ನೂ ಸೇರಿಸಿದವು. ಇವೆಲ್ಲವೂ ಅಗತ್ಯವಾದವೇ. ಆದರೆ ಊಟ ವಿಷವಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೂ ಅದು ಪುಷ್ಟಿಕರವೆಂದು ತಿಳಿಯುವುದಕ್ಕೂ ನಡುವೆ ಒಂದು ಶಾಸ್ತ್ರವೇ ಇದೆ.

ಆ ಶಾಸ್ತ್ರದ ಗೈರುಹಾಜರಿಯಿಂದ ಈ ಸೀಮೆಯಲ್ಲಿ ಏನಾಗಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ರಾಗಿ ಇಲ್ಲಿನ ಮೂಲ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ಬೆಳೆಯುವ ಮಗುವಿಗೆ ದಿನಕ್ಕೆ ಬೇಕಾದದ್ದು ಸರಿಸುಮಾರು 600 ಮಿಲಿಗ್ರಾಂ. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳೊಡನೆ ಸಂಕರ ಮಾಡಿ ಇಂಡಾಫ್ ರಾಗಿಯನ್ನು ರೂಪಿಸಿ ಇಳುವರಿಯನ್ನು ಹೆಚ್ಚಿಸಿದ ಮೇಲೂ ಶಾಲೆಯ ತಟ್ಟೆಗೆ ಬಂದದ್ದು ಆಹಾರ ನಿಗಮದ ಅಕ್ಕಿ ಮತ್ತು ಗೋಧಿ. ಅನ್ನ ಸಾಂಬಾರು ಶಾಲೆಯ ಊಟ, ಮುದ್ದೆ ಮನೆಯ ಊಟ ಎಂಬ ಭೇದ ಮಗುವಿನ ಮನಸ್ಸಿನಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಪಠ್ಯಪುಸ್ತಕದ ಪಾಠ ರಾಗಿಯ ಗುಣವನ್ನು ಹೇಳುತ್ತದೆ, ತಟ್ಟೆ ಬೇರೆಯದನ್ನು ಹೇಳುತ್ತದೆ. ಮಗು ನಂಬುವುದು ತಟ್ಟೆಯನ್ನು.

ಎರಡನೆಯದು ನೀರು. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕಡೆ, ಬಾಗೇಪಲ್ಲಿಯ ಕಡೆ ವಿಶೇಷವಾಗಿ, ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿರುವುದು ದಾಖಲಾಗಿದೆ. ಹಲ್ಲಿನ ಮೇಲಿನ ಕಂದು ಕಲೆ ಇದರ ಮೊದಲ ಗುರುತು. ಸುಣ್ಣಾಂಶ ಮತ್ತು ಸಿ ಜೀವಸತ್ವ ಸಾಕಷ್ಟಿರುವ ಆಹಾರ ಫ್ಲೋರೈಡಿನ ಹಾನಿಯನ್ನು ತಗ್ಗಿಸಲು ನೆರವಾಗುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಸಂಶೋಧಕರು ಶಾಲಾ ಬಾಲಕರಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹುಣಸೆಹಣ್ಣಿನ ಸೇವನೆಯಿಂದ ಮೂತ್ರದ ಮೂಲಕ ಫ್ಲೋರೈಡ್ ಹೊರಹೋಗುವುದು ಹೆಚ್ಚುತ್ತದೆಂದು ತೋರಿಸಿತು. ಹುಣಸೆ ಈ ಸೀಮೆಯ ಸಾರಿನ ಜೀವ. ಬೇಳೆಯನ್ನು ಯಾವ ನೀರಿನಲ್ಲಿ ಬೇಯಿಸಬೇಕು, ಹುಣಸೆಯನ್ನು ಏಕೆ ಕಡಿಮೆ ಮಾಡಬಾರದು, ಸೊಪ್ಪು ಬಸಿದ ನೀರನ್ನು ಏಕೆ ಚೆಲ್ಲಬಾರದು ಎಂಬುದನ್ನು ಅಡುಗೆಯವರಿಗೆ ಹೇಳುವುದು ಯಾರ ಕರ್ತವ್ಯ? ಬಸ್ಸಾರು ಮಾಡುವ ಹೆಂಗಸಿಗೆ ಕೊನೆಯದನ್ನು ಹೇಳಬೇಕಾಗಿಲ್ಲ. ಆಕೆಯ ಅಡುಗೆಯೇ ಬಸಿದ ನೀರಿನಿಂದ ಹುಟ್ಟಿದ್ದು. ಆದರೆ ಆಕೆಗೆ ತಿಳಿದದ್ದು ವಿದ್ಯೆಯೆಂದು ಗುರುತಿಸಲೂ ಬಲ್ಲವರೊಬ್ಬರು ಬೇಕು.

ಮೂರನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆಯಿಂದ ಬಳಲುತ್ತಿದ್ದರು. ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಶಾಲೆಗೆ ಬರುವುದು ಇದೇ ಮಕ್ಕಳು. ಮಾತ್ರೆಯನ್ನು ನುಂಗಿಸಿ ದಾಖಲಿಸುವುದನ್ನು ಶಿಕ್ಷಕರು ಮಾಡುತ್ತಾರೆ. ಊಟದೊಂದಿಗೆ ಚಹಾ ಕುಡಿದರೆ ಕಬ್ಬಿಣಾಂಶ ಹೀರಿಕೆಯಾಗುವುದು ಕಡಿಮೆಯಾಗುತ್ತದೆ, ನಿಂಬೆ ಹಿಂಡಿಕೊಂಡರೆ ಹೆಚ್ಚುತ್ತದೆ ಎಂಬ ಸರಳ ವಿಷಯವನ್ನು ಮನೆಯವರೆಗೆ ಮುಟ್ಟಿಸುವುದು ಬೇರೆಯೇ ಕೆಲಸ. ಅದೂ ಈ ಗಡಿಸೀಮೆಯಲ್ಲಿ, ಎಷ್ಟೋ ಮನೆಗಳ ಮಾತು ತೆಲುಗಾಗಿದ್ದು ಮುದ್ದೆ ‘ಸಂಗಟಿ’ಯಾಗಿರುವಲ್ಲಿ, ಮುದ್ರಿತ ಭಿತ್ತಿಪತ್ರದಿಂದ ಆಗುವಂಥದ್ದಲ್ಲ.

ಅರ್ಹ ಮೇಲ್ವಿಚಾರಕರಿಲ್ಲದ ಕಡೆ ತೀರ್ಮಾನಗಳು ಹೊರಗೆ ಆಗುತ್ತವೆ. 2018-19ರಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಪೂರೈಸುವ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬೇಕೇ ಎಂಬ ವಿವಾದ ಎದ್ದಾಗ ಹೈದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಭಿಪ್ರಾಯಕ್ಕೆ ಕಾಯಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ವಿತರಣೆ ಆರಂಭವಾದಾಗ ವಾದ ನಡೆದದ್ದು ಹೆಚ್ಚಾಗಿ ಆಚಾರ ಮತ್ತು ನಂಬಿಕೆಗಳ ನೆಲೆಯಲ್ಲಿ. ತಾಲ್ಲೂಕು ಮಟ್ಟದಲ್ಲಿ ಪೋಷಕರಿಗೆ ಶಾಸ್ತ್ರೀಯವಾಗಿ ವಿವರಿಸಬಲ್ಲ ಹುದ್ದೆ ಯಾವುದೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಹಾಲಿನೊಂದಿಗೆ ವಾರಕ್ಕೆ ಮೂರು ದಿನ ರಾಗಿ ಮಿಶ್ರಣ ಕೊಡುವ ಕಾರ್ಯಕ್ರಮ ಚಾಲನೆಗೊಂಡಿತು. ಮಿಶ್ರಣವನ್ನು ಒದಗಿಸಲು ಮುಂದೆ ಬಂದದ್ದು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ, ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವಾದ ಮುದ್ದೇನಹಳ್ಳಿಯ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್. ರಾಗಿ ಕೊನೆಗೂ ಶಾಲೆಯ ಲೋಟಕ್ಕೆ ಬಂದಿತು. ಅದೂ ಪೊಟ್ಟಣದಲ್ಲಿ ಬಂದಿತೆಂಬುದು ಬೇರೆ ಮಾತು.

ಇತರ ದೇಶಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದು ಪರಿಶೀಲನಾರ್ಹ. ಅಮೆರಿಕ ಸಂಯುಕ್ತ ಸಂಸ್ಥಾನವು 2010ರ ಮಕ್ಕಳ ಆಹಾರ ಕಾನೂನಿನ ಆಧಾರದ ಮೇಲೆ 2015ರ ಜುಲೈ 1ರಿಂದ ಶಾಲಾ ಪೌಷ್ಟಿಕತಾ ನಿರ್ದೇಶಕರಿಗೆ ಕನಿಷ್ಠ ವಿದ್ಯಾರ್ಹತೆಯನ್ನು ಗೊತ್ತುಪಡಿಸಿತು. ಅದು ಶಾಲಾ ಜಿಲ್ಲೆಯ ಗಾತ್ರವನ್ನು ಅವಲಂಬಿಸಿದೆ: ಹತ್ತು ಸಾವಿರ ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಪದವಿ ಕಡ್ಡಾಯ, ಎರಡೂವರೆ ಸಾವಿರಕ್ಕಿಂತ ಕಡಿಮೆ ಇರುವಲ್ಲಿ ಪ್ರೌಢಶಿಕ್ಷಣದೊಂದಿಗೆ ಅನುಭವ ಸಾಕು. ಜೊತೆಗೆ ನಿರ್ದೇಶಕರಿಗೆ ವರ್ಷಕ್ಕೆ 12 ಗಂಟೆಗಳ ತರಬೇತಿ. ಜಪಾನಿನ ಮಾದರಿ ನಮಗೆ ಹೆಚ್ಚು ಹತ್ತಿರವಾದುದೆಂದು ನನ್ನ ಅಭಿಪ್ರಾಯ. 1954ರಲ್ಲಿಯೇ ಶಾಲಾ ಊಟದ ಕಾನೂನನ್ನು ಮಾಡಿದ ಆ ದೇಶ 2005ರಲ್ಲಿ ‘ಪೌಷ್ಟಿಕ ಶಿಕ್ಷಕ’ ಎಂಬ ಹುದ್ದೆಯನ್ನು ಸೃಷ್ಟಿಸಿತು. ಆಹಾರತಜ್ಞರ ಪರವಾನಗಿಯೂ ಬೋಧನೆಯ ಅರ್ಹತೆಯೂ ಎರಡೂ ಇದ್ದವರು ಮಾತ್ರ ಅದಕ್ಕೆ ಅರ್ಹರು. ಊಟದ ಯೋಜನೆ ಮತ್ತು ಆಹಾರದ ಪಾಠ ಎರಡೂ ಅವರ ಹೊಣೆ. ನೆರೆಯ ತಮಿಳುನಾಡು 1982ರ ಸತ್ವಯುತ ಊಟದ ಯೋಜನೆಯಲ್ಲಿ ಪ್ರತಿ ಕೇಂದ್ರಕ್ಕೂ ಶಿಕ್ಷಕರಲ್ಲದ ಸಂಘಟಕರನ್ನು ನೇಮಿಸಿ ಉಪಾಧ್ಯಾಯರನ್ನು ದಾಸ್ತಾನಿನ ಲೆಕ್ಕದಿಂದ ಬಿಡಿಸಿತು. ಪೋಷಣೆಯ ಅರ್ಹತೆಯನ್ನು ಅಲ್ಲಿಯೂ ಕೇಳಲಿಲ್ಲ. ಆದರೂ ಊಟದ ಮೇಲ್ವಿಚಾರಣೆ ಪ್ರತ್ಯೇಕ ಕೆಲಸವೆಂದು ಒಪ್ಪಿಕೊಂಡದ್ದು ಮುಖ್ಯ.

ಕರ್ನಾಟಕದಲ್ಲಿ ಅರ್ಹರ ಕೊರತೆಯಿದೆಯೆಂಬ ವಾದ ನಿಲ್ಲುವಂಥದ್ದಲ್ಲ. ಚಿಂತಾಮಣಿಯ ಕುರುಬೂರು ಕ್ಷೇತ್ರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳ ವಿಷಯತಜ್ಞರ ಹುದ್ದೆಗಳಲ್ಲಿ ಗೃಹವಿಜ್ಞಾನವೂ ಸೇರಿದೆ. ಸಮುದಾಯ ವಿಜ್ಞಾನವೆಂಬ ಹೊಸ ಹೆಸರು ಪಡೆದ ಆ ಶಾಖೆಯಿಂದಲೂ, ವಿಶ್ವವಿದ್ಯಾನಿಲಯಗಳ ಆಹಾರ ಮತ್ತು ಪೋಷಣ ವಿಜ್ಞಾನ ವಿಭಾಗಗಳಿಂದಲೂ ಪದವೀಧರರು ಹೊರಬರುತ್ತಲೇ ಇದ್ದಾರೆ. ಅವರಿಗೆ ಆಸ್ಪತ್ರೆಯ ಬಾಗಿಲು ತೆರೆದಿದೆ, ಆಹಾರೋದ್ಯಮದ ಬಾಗಿಲು ತೆರೆದಿದೆ. ಶಾಲೆಯ ಬಾಗಿಲಿಗೆ ವೃಂದದ ಬೀಗವಿದೆ. ಪ್ರತಿ ಶಾಲೆಗೊಬ್ಬ ತಜ್ಞರೆಂಬುದು ಈಗ ಆಗದ ಮಾತು. ತಾಲ್ಲೂಕಿಗೆ ಒಬ್ಬರು, ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಪೋಷಣ ವಿಜ್ಞಾನದ ಪದವಿಯೊಂದಿಗೆ ಬೋಧನಾ ತರಬೇತಿ ಪಡೆದವರು ಇರುವುದು ಅಸಾಧ್ಯವೇನಲ್ಲ. ಪದೋನ್ನತಿಯ ಅವಕಾಶ ಕುಗ್ಗುತ್ತದೆಂದು ಶಿಕ್ಷಕ ವೃಂದದಿಂದ ಆಕ್ಷೇಪ ಬರಬಹುದು. ಸೇವೆಯಲ್ಲಿರುವ ಶಿಕ್ಷಕರಿಗೇ ಒಂದು ವರ್ಷದ ಡಿಪ್ಲೊಮಾ ಓದಲು ಎಡೆಮಾಡಿದರೆ ಆ ಆಕ್ಷೇಪಕ್ಕೆ ಸಮಾಧಾನವಿದೆ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮವು 2020ರಿಂದ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸಿ, ಪೋಷಣೆಯೂ ಸೇರಿದಂತೆ ಹನ್ನೊಂದು ವಿಷಯಗಳ ತರಬೇತಿಯನ್ನು ಉದ್ದೇಶಿಸಿತು. ಕೆಲವೇ ದಿನಗಳಲ್ಲಿ ಹನ್ನೊಂದು ವಿಷಯಗಳು ಎಂಬಲ್ಲಿಯೇ ಅದರ ಮಿತಿ ಕಾಣುತ್ತದೆ. ಆದರೂ ತಾಲ್ಲೂಕಿನ ತಜ್ಞರೊಬ್ಬರಿಗೆ ಈ ಶಿಕ್ಷಕರು ಕೈಗಳಾಗಬಲ್ಲರು.

2021ರಲ್ಲಿ ಪಿಎಂ ಪೋಷಣ್ ಎಂಬ ಹೆಸರು ಪಡೆದ ಯೋಜನೆಯು ಶಾಲಾ ಪೌಷ್ಟಿಕ ಕೈತೋಟಗಳಿಗೂ, ಹಳ್ಳಿಯಿಂದ ರಾಷ್ಟ್ರಮಟ್ಟದವರೆಗಿನ ಅಡುಗೆ ಸ್ಪರ್ಧೆಗಳಿಗೂ ಪ್ರೋತ್ಸಾಹ ಕೊಡುತ್ತದೆ. ಆರು ದಶಕಗಳ ಹಿಂದಿನ ಆನ್ವಯಿಕ ಪೌಷ್ಟಿಕತಾ ಕಾರ್ಯಕ್ರಮದ ಕೈತೋಟವೇ ಮರಳಿ ಬಂದಂತಾಗಿದೆ. ಶಿಡ್ಲಘಟ್ಟದ ಕೆಂಪು ನೆಲದಲ್ಲಿ ನುಗ್ಗೆ, ಕರಿಬೇವು, ದಂಟು, ಕೀರೆ ಹೆಚ್ಚಿನ ನೀರನ್ನು ಕೇಳದೆ ಬರುತ್ತವೆ; ಅಣ್ಣೆ ಸೊಪ್ಪು, ಗೋಣಿ ಸೊಪ್ಪುಗಳನ್ನು ಬಿತ್ತಲೂ ಬೇಕಿಲ್ಲ, ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾವೇ ಏಳುತ್ತವೆ. ಅವುಗಳನ್ನು ಗುರುತಿಸಬಲ್ಲ ಅಜ್ಜಿಯರು ಊರಿನಲ್ಲಿ ಇನ್ನೂ ಇದ್ದಾರೆ. ಅವುಗಳ ಪೋಷಕಾಂಶದ ಕೋಷ್ಟಕ ಹೈದರಾಬಾದಿನ ಗ್ರಂಥದಲ್ಲಿದೆ. ಕೋಷ್ಟಕವನ್ನು ಓದಿ, ಅಜ್ಜಿಯನ್ನು ಶಾಲೆಗೆ ಕರೆತಂದು, ಆ ಸೊಪ್ಪನ್ನು ಅಂದಿನ ಸಾರಿಗೆ ಹಾಕಿಸುವ ಅಧಿಕಾರವುಳ್ಳವರ ಹುದ್ದೆ ತಾಲ್ಲೂಕು ಪಂಚಾಯಿತಿಯ ಸಿಬ್ಬಂದಿ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ.